ಟ್ಯಾಂಕರ್ ಎತ್ತಿದರೆ ಕೆಲಸ ಮುಗಿಯಿತೇ?

ಹೆದ್ದಾರಿ ಪಕ್ಕ ಹೊಲ ಇರುವ ರೈತ ಬಾಂಧವರು ಈ ಬರಹವನ್ನು ದಯವಿಟ್ಟು ಪೂರ್ತಿ ಓದಬೇಕು. ಬೀಜ, ಗೊಬ್ಬರ, ರೋಗದ ವಿಚಾರ ಇದರಲ್ಲಿ ಇಲ್ಲ. ಆದರೆ ಮಣ್ಣಿನ ವಿಚಾರ ಇದೆ, ಬಾವಿಯ ವಿಚಾರ ಇದೆ. ನಾವು ಮಾಡುವ ತಪ್ಪಿನ ವಿಚಾರವೂ ಇದೆ. ನನಗೆ ಆದದ್ದು ನಾಳೆ ನಿಮಗೂ ಆಗಬಹುದು ಅಂತಲೇ ಬರೆಯುತ್ತಿದ್ದೇನೆ.

ಆ ದಿನ ನಡೆದದ್ದು

2023ರ ಮೇ ತಿಂಗಳ ಕೊನೆ ವಾರ. ಮಳೆ ಬಿದ್ದರೆ ಶೇಂಗಾ ಬಿತ್ತೋಣ ಅಂತ ಹೊಲ ಹಸನು ಮಾಡಿ ಇಟ್ಟುಕೊಂಡಿದ್ದೆ. ಬೆಳಗಿನ ಜಾವ ದೊಡ್ಡ ಸದ್ದಾಯಿತು. ಎದ್ದು ಓಡಿದೆ. ನಮ್ಮ ಹೊಲದ ತಲೆಗೆ ಹೆದ್ದಾರಿ ತಿರುವಿನಲ್ಲಿ ಟ್ಯಾಂಕರ್ ಮಗುಚಿ ಬಿದ್ದಿತ್ತು. ಮೇಲಿನ ಮುಚ್ಚಳದ ಸಂದಿಯಿಂದ ಡೀಸೆಲ್ ಬುಳುಬುಳು ಸುರಿಯುತ್ತಿತ್ತು.

ಅರ್ಧ ಗಂಟೆಯಲ್ಲಿ ಊರಿಗೆ ಊರೇ ಅಲ್ಲಿತ್ತು. ಕೊಡ, ಬಕೆಟ್ಟು, ಔಷಧಿ ಕ್ಯಾನು, ಕೈಗೆ ಸಿಕ್ಕಿದ್ದು ಹಿಡಿದು ಬಂದರು. ಸುಳ್ಳು ಹೇಳುವುದಿಲ್ಲ, ನಾನೂ ಎರಡು ಕ್ಯಾನು ತುಂಬಿಕೊಂಡೆ. ಲೀಟರಿಗೆ 80 ರೂಪಾಯಿ ಮೇಲೆ ಇರುವ ಡೀಸೆಲ್ಲು ನೆಲದ ಪಾಲಾಗುತ್ತಿದೆ, ಟ್ರ್ಯಾಕ್ಟರ್ ಬಾಡಿಗೆಗಾದರೂ ಆಗಲಿ ಅನ್ನಿಸಿತು. ಕ್ಲೀನರ್ ಹುಡುಗ ತಲೆ ಒಡೆದುಕೊಂಡು ರಸ್ತೆ ಬದಿ ಕೂತು ನೀರು ಕೇಳುತ್ತಿದ್ದ. ಅವನನ್ನು ದಾಟಿಕೊಂಡೇ ನಾವೆಲ್ಲ ಹೋದದ್ದು. ಡೇರಿಗೆ ಹಾಲು ಹಾಕಲು ಹೊರಟಿದ್ದ ಒಬ್ಬ ಹೆಣ್ಣುಮಗಳು ಅವನಿಗೆ ನೀರು ಕುಡಿಸಿ ತಲೆಗೆ ಟವೆಲ್ಲು ಕಟ್ಟಿದಳು. ಆ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಮಾಡಿದ್ದು ಅವಳೊಬ್ಬಳೇ.

ಪೊಲೀಸರು ಬಂದು ನಮ್ಮನ್ನು ಓಡಿಸಿದರು. ಆಮೇಲೆ ಅಗ್ನಿಶಾಮಕದವರು ಬಂದರು, ಕ್ರೇನ್ ಬಂತು. ಟ್ಯಾಂಕರ್ ಎತ್ತಿದರು. ರಸ್ತೆ ಮೇಲೆ ಎಣ್ಣೆ ಹರಡಿತ್ತು. ಬೈಕಿನವರು ಜಾರಿ ಬೀಳುತ್ತಾರೆ ಅಂತ ಪೈಪಿನಲ್ಲಿ ನೀರು ಹೊಡೆದು ರಸ್ತೆಯನ್ನು ಚೆನ್ನಾಗಿ ತೊಳೆದರು. ಮಧ್ಯಾಹ್ನ 2 ಗಂಟೆಗೆ ವಾಹನ ಓಡಾಡತೊಡಗಿದವು. ಎಲ್ಲರೂ ಹೋದರು. ಕೆಲಸ ಮುಗಿಯಿತು ಅಂದುಕೊಂಡೆವು.

ತೊಳೆದ ನೀರು ಎಲ್ಲಿಗೆ ಹೋಯಿತು? ರಸ್ತೆ ಕೆಳಗಿನ ಮೋರಿಗೆ. ಮೋರಿಯ ಬಾಯಿ ಇರುವುದು ನಮ್ಮ ಹೊಲದ ಮೇಲ್ಬದುವಿಗೆ. ಅಲ್ಲಿಂದ ಒಂದು ಕಾಲುವೆ ಬಾವಿ ಪಕ್ಕದ ಇಂಗುಗುಂಡಿಗೆ ಹೋಗುತ್ತೆ. ಆ ಕಾಲುವೆ ತೋಡಿದವನು ನಾನೇ. ಹೆದ್ದಾರಿ ಮೇಲೆ ಬೀಳುವ ಮಳೆ ನೀರು ಸುಮ್ಮನೆ ಹಳ್ಳಕ್ಕೆ ಹೋಗಬಾರದು, ಬಾವಿಗೆ ಇಂಗಲಿ ಅಂತ ನಾನೂ ನನ್ನ ತಮ್ಮನೂ ಒಂದು ಬೇಸಿಗೆ ಪೂರ್ತಿ ಅಗೆದಿದ್ದೆವು. ವರ್ಷಗಟ್ಟಲೆ ಒಣಗಿದ್ದ ಬಾವಿಗೆ 2022ರ ಮಳೆಯಲ್ಲಿ ನೀರು ಬಂದಾಗ ಆ ಕಾಲುವೆ ನೋಡಿ ಹೆಮ್ಮೆ ಪಟ್ಟಿದ್ದೆವು. ಮಳೆ ನೀರು ತರಬೇಕಾದ ಕಾಲುವೆ ಡೀಸೆಲ್ ತಂದು ಬಾವಿಗೆ ಸುರಿಯಿತು.

ಮೂರನೇ ದಿನ ಎತ್ತುಗಳು ತೊಟ್ಟಿಗೆ ಮೂತಿ ಇಟ್ಟು ಹಿಂದೆ ಸರಿದವು. ಆಗ ಹೋಗಿ ಬಾವಿ ಬಗ್ಗಿ ನೋಡಿದೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಆಡುತ್ತಿತ್ತು.

"ಬೆಳೆ ಎಲ್ಲೈತೆ ಯಜಮಾನ್ರೇ?"

ಪರಿಹಾರಕ್ಕೆ ಅಂತ ಕಚೇರಿಗೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಮಾತಾಡಿದರು. ಅವರ ಹತ್ತಿರ ಇದ್ದ ನಮೂನೆಯಲ್ಲಿ ಇದ್ದದ್ದು ಬೆಳೆ ಹಾನಿ ಕಲಂ. "ಬೆಳೆ ಎಲ್ಲೈತೆ ಯಜಮಾನ್ರೇ? ಇನ್ನೂ ಬಿತ್ತೇ ಇಲ್ವಲ್ಲ" ಅಂದರು. ನಿಜ, ಬಿತ್ತಿರಲಿಲ್ಲ. ಒಂದು ವಾರ ತಡವಾಗಿ ಟ್ಯಾಂಕರ್ ಬಿದ್ದಿದ್ದರೆ, ಮೊಳಕೆ ಬಂದಿದ್ದರೆ, ಏನಾದರೂ ಬರೆಯಬಹುದಿತ್ತು. ಮಣ್ಣು ಕೆಟ್ಟದ್ದಕ್ಕೆ ಕಲಂ ಇಲ್ಲ. ಬಾವಿ ಕೆಟ್ಟದ್ದಕ್ಕೂ ಇಲ್ಲ.

ಟ್ಯಾಂಕರಿನ ಕಡೆಯವರ ಫೋನು ಹುಡುಕಿ ಮಾತಾಡಿದೆ. ಅವರು ಒಂದೇ ಮಾತು ಹೇಳಿದರು: "ತುಂಬ್ಕೊಂಡ್ರಲ್ಲ, ಅದೇ ನಿಮಗೆ ಪರಿಹಾರ." ನನ್ನ ಬಾಯಿ ಕಟ್ಟಿಹೋಯಿತು. ಆ ಎರಡು ಕ್ಯಾನು ಇನ್ನೂ ಕೊಟ್ಟಿಗೆಯಲ್ಲೇ ಇದ್ದವು.

ನನ್ನ ಅಭಿಪ್ರಾಯ ಇಷ್ಟು. ಟ್ಯಾಂಕರ್ ಬಿದ್ದರೆ ಇವತ್ತು ಎಲ್ಲರೂ ನೋಡುವುದು ರಸ್ತೆಯನ್ನು. ರಸ್ತೆ ತೆರೆದರೆ ಕೆಲಸ ಮುಗಿಯಿತು ಅಂತ ಲೆಕ್ಕ. ಅದು ತಪ್ಪು ಲೆಕ್ಕ. ಮಣ್ಣು ಮತ್ತು ಬಾವಿ ಮೊದಲಿನಂತೆ ಆದಾಗ ಮಾತ್ರ ಕೆಲಸ ಮುಗಿದಂತೆ. ಈ ಲೆಕ್ಕ ಸರಕಾರಕ್ಕೆ ಗೊತ್ತಾಗಬೇಕು ಅಂದರೆ ಮೊದಲು ನಮಗೆ ಗೊತ್ತಿರಬೇಕು.

ಸಮುದ್ರಕ್ಕೆ ಯೋಜನೆ ಇದೆ, ಹೊಲಕ್ಕೆ?

ಸಮುದ್ರದಲ್ಲಿ ಎಣ್ಣೆ ಚೆಲ್ಲಿದರೆ ಯಾರು ಏನು ಮಾಡಬೇಕು ಅಂತ ನಮ್ಮ ದೇಶದಲ್ಲಿ 1996ರಿಂದಲೇ ರಾಷ್ಟ್ರೀಯ ಯೋಜನೆ ಇದೆ. ಅದರ ಮುಖ್ಯ ಹೊಣೆ ಕರಾವಳಿ ಕಾವಲು ಪಡೆಯದ್ದು. 2006ರ ಮೇ ಕೊನೆಯಲ್ಲಿ ಕಾರವಾರದ ಹತ್ತಿರ ಓಷನ್ ಸೆರಾಯಾ ಎಂಬ ಹಡಗು ಬಂಡೆಗೆ ಸಿಕ್ಕಿ ಮುಳುಗಿ, ಅದರ ಎಣ್ಣೆ ಕಾರವಾರದ ದಡಕ್ಕೂ ಗೋವಾದ ದಡಕ್ಕೂ ಹರಡಿತು. ಆಗ ಯಾರನ್ನು ಕೇಳಬೇಕು ಅನ್ನುವುದಕ್ಕಾದರೂ ಉತ್ತರ ಇತ್ತು.

ಒಳನಾಡಿಗೂ ನಿಯಮ ಇಲ್ಲ ಅಂತಲ್ಲ. 1996ರ ರಾಸಾಯನಿಕ ಅಪಘಾತಗಳ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ತಂಡ ಇರಬೇಕು. ಆದರೆ ಆ ತಂಡದ ಕಣ್ಣು ಇರುವುದು ಕಾರ್ಖಾನೆಗಳ ಮೇಲೆ. ಎಣ್ಣೆ ಲಾರಿ ನಮ್ಮ ಹೊಲದ ಮಗ್ಗುಲಲ್ಲೇ ಹಗಲೂ ರಾತ್ರಿ ಓಡುತ್ತೆ. ಅದು ಬಿದ್ದರೆ ಹೊಲದ ಗತಿ ಏನು ಅಂತ ನಮ್ಮ ಪಂಚಾಯಿತಿಯಲ್ಲಿ ಇವತ್ತಿನವರೆಗೆ ಒಬ್ಬರೂ ಬಂದು ಹೇಳಿಲ್ಲ.

ಬರೀ ನೀರು ಹೊಡೆದು ತೊಳೆಯುವುದರಿಂದ ಏನಾಗುತ್ತೆ ಅನ್ನುವುದಕ್ಕೆ ಅಮೆರಿಕದ ಉದಾಹರಣೆ ಇದೆ. 1989ರ ಮಾರ್ಚ್ 24ರಂದು ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ಹಡಗು ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ಎಣ್ಣೆ ಸಮುದ್ರಕ್ಕೆ ಚೆಲ್ಲಿತು. ದಡದ ಕಲ್ಲುಗಳಿಗೆ ಎಣ್ಣೆ ಮೆತ್ತಿಕೊಂಡಿತು. ಜೋರಾಗಿ ಬಿಸಿನೀರು ಹೊಡೆದು ತೊಳೆದರು. ಕಣ್ಣಿಗೆ ದಡ ಶುದ್ಧವಾಗಿ ಕಂಡಿತು. ಆಮೇಲೆ ವಿಜ್ಞಾನಿಗಳು ಲೆಕ್ಕ ಹಾಕಿ ನೋಡಿದರೆ, ಹಾಗೆ ತೊಳೆದ ಕಡೆ ಪಾಚಿ, ಚಿಪ್ಪಿನ ಹುಳುಗಳಂಥ ಸಣ್ಣ ಜೀವಗಳೂ ಸತ್ತು, ತೊಳೆಯದೆ ಬಿಟ್ಟ ಕಡೆಗಿಂತ ಚೇತರಿಸಿಕೊಳ್ಳಲು ತಡವಾಗಿತ್ತು. ಅದೇ ದಡದಲ್ಲಿ ಕೆಲವು ಕಡೆ ಸಾರಜನಕ, ರಂಜಕದ ಗೊಬ್ಬರ ಹಾಕಿದರು. ಅಲ್ಲಿ ಮೊದಲೇ ಇದ್ದ ಎಣ್ಣೆ ತಿನ್ನುವ ಜೀವಾಣುಗಳು ಚುರುಕಾಗಿ ಕೆಲಸ ಮಾಡಿದವು. ಗೊಬ್ಬರ ಹಾಕಿ ಎಣ್ಣೆ ಕರಗಿಸುವುದು ಅಂದರೆ ರೈತನ ಕೆಲಸವೇ ತಾನೇ? ಆ ಅಪಘಾತದ ಮರುವರ್ಷವೇ, 1990ರಲ್ಲಿ, ಅಮೆರಿಕದವರು ಎಣ್ಣೆ ಮಾಲಿನ್ಯ ಕಾಯ್ದೆ ಮಾಡಿದರು. ಚೆಲ್ಲಿದವನೇ ಖರ್ಚು ಕೊಡಬೇಕು, ಚೆಲ್ಲುವ ಮೊದಲೇ ತಯಾರಿ ಯೋಜನೆ ಬರೆದಿಟ್ಟಿರಬೇಕು ಅನ್ನುವುದು ಅದರ ತಿರುಳು.

ತುಂಬಿಕೊಳ್ಳುವ ಆಸೆ

ಇಲ್ಲಿ ನಮ್ಮ ತಪ್ಪಿನ ಮಾತು. 2017ರ ಜೂನ್ 25, ಈದ್ ಹಬ್ಬದ ಹಿಂದಿನ ದಿನ. ಪಾಕಿಸ್ತಾನದ ಬಹಾವಲ್ಪುರ ಜಿಲ್ಲೆಯ ಅಹ್ಮದ್‌ಪುರ ಶರ್ಕಿಯಾ ಹತ್ತಿರ ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರ್ ಮಗುಚಿತು. ಸುತ್ತಲ ಹಳ್ಳಿಯ ಜನ ಪಾತ್ರೆ ಪಡಗ ಹಿಡಿದು ಓಡಿದರು. ತುಂಬಿಕೊಳ್ಳುತ್ತಿರುವಾಗಲೇ ಬೆಂಕಿ ಹತ್ತಿತು. 200ಕ್ಕೂ ಹೆಚ್ಚು ಜನ ಸತ್ತರು. ಅವರೂ ನಮ್ಮಂಥ ರೈತರು, ಕೂಲಿಯವರು. 2024ರ ಅಕ್ಟೋಬರ್ 15ರ ರಾತ್ರಿ ನೈಜೀರಿಯಾದ ಜಿಗಾವಾ ರಾಜ್ಯದ ಮಜಿಯಾ ಎಂಬ ಊರಿನಲ್ಲೂ ಹೀಗೇ ಆಗಿ 150ಕ್ಕೂ ಹೆಚ್ಚು ಜನ ಹೋದರು.

ನಮ್ಮ ಹೊಲದ ತಲೆಗೆ ಬಿದ್ದದ್ದು ಡೀಸೆಲ್, ಅದಕ್ಕೇ ಉಳಿದೆವು. ಡೀಸೆಲ್ ಬೇಗ ಆವಿಯಾಗೋಲ್ಲ, ಪೆಟ್ರೋಲಿನ ಹಾಗೆ ಫಕ್ಕನೆ ಹತ್ತೋಲ್ಲ. ಪೆಟ್ರೋಲ್ ಹಾಗಲ್ಲ. ಅದರ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ತಗ್ಗಿನಲ್ಲಿ, ಮೋರಿಯಲ್ಲಿ, ಬಾವಿಯಲ್ಲಿ ನಿಲ್ಲುತ್ತೆ. ದೂರದಲ್ಲಿ ಯಾರೋ ಬೀಡಿ ಹಚ್ಚಿದರೂ, ಬೈಕು ಚಾಲೂ ಮಾಡಿದರೂ ಬೆಂಕಿ ಆವಿಯ ದಾರಿಯಲ್ಲೇ ಓಡಿ ಬರುತ್ತೆ. ಇನ್ನೊಂದು ವಿಷಯ ನಮಗೆ ಗೊತ್ತೇ ಇರಲಿಲ್ಲ. ಒಂದೇ ಟ್ಯಾಂಕರಿನೊಳಗೆ ಬೇರೆ ಬೇರೆ ಖಾನೆ ಇರುತ್ತವೆ. ಒಂದು ಖಾನೆಯಲ್ಲಿ ಡೀಸೆಲ್, ಪಕ್ಕದ್ದರಲ್ಲಿ ಪೆಟ್ರೋಲ್ ಇರಬಹುದು. "ಡೀಸೆಲ್ ಗಾಡಿ, ಏನೂ ಆಗೋಲ್ಲ" ಅಂತ ಹತ್ತಿರ ಹೋಗುವುದು ದಡ್ಡತನ.

ಟ್ಯಾಂಕರಿನ ಮೈಮೇಲೆ ಒಂದು ಫಲಕ ಇರುತ್ತೆ. ಅದರಲ್ಲಿ ನಾಲ್ಕು ಅಂಕಿಯ ನಂಬರು ಇರುತ್ತೆ. ಅದು ಲಾರಿ ನಂಬರಲ್ಲ, ಒಳಗಿನ ಸರಕಿನ ನಂಬರು. ಇಡೀ ಪ್ರಪಂಚಕ್ಕೆ ಒಂದೇ. ಡೀಸೆಲ್ಲಿಗೆ 1202, ಪೆಟ್ರೋಲಿಗೆ 1203, ಸೀಮೆಎಣ್ಣೆಗೆ 1223, ಅಡಿಗೆ ಗ್ಯಾಸಿಗೆ 1075. ಇದನ್ನು ಮಕ್ಕಳಿಗೂ ಕಲಿಸಿರಿ. ದೂರ ನಿಂತು ಈ ನಂಬರು ಓದಿ ಫೋನಿನಲ್ಲಿ ಹೇಳಿದರೆ ಬರುವವರು ತಕ್ಕ ತಯಾರಿಯಲ್ಲಿ ಬರುತ್ತಾರೆ. 1075 ಕಂಡರೆ ಅಥವಾ ಗ್ಯಾಸ್ ಸೋರುವ ಸದ್ದು ಕೇಳಿದರೆ ಬೇರೆ ಯಾವ ಕೆಲಸವೂ ಬೇಡ. ಜನ, ದನ ಹೊಡೆದುಕೊಂಡು ಗಾಳಿ ಬೀಸಿ ಬರುವ ದಿಕ್ಕಿನ ಕಡೆಗೆ ದೂರ ಹೋಗಬೇಕು.

ಮೊದಲ ಗಂಟೆ ನಮ್ಮದು

ಪೊಲೀಸರು, ಅಗ್ನಿಶಾಮಕದವರು ಎಷ್ಟೇ ಬೇಗ ಬಂದರೂ ಅದಕ್ಕೆ ಮೊದಲು ಅಲ್ಲಿರುವವರು ನಾವು. ಆ ಹೊತ್ತಿನಲ್ಲಿ ಕೊಡ ಹಿಡಿಯುವ ಬದಲು ಸಲಿಕೆ ಹಿಡಿದಿದ್ದರೆ ನನ್ನ ಬಾವಿ ಉಳಿಯುತ್ತಿತ್ತು. ನಾನು ಕೆಟ್ಟು ಕಲಿತದ್ದನ್ನು ಕೆಳಗೆ ಬರೆದಿದ್ದೇನೆ.

1. ಮೊದಲು ಮನುಷ್ಯರು. ಡ್ರೈವರ್, ಕ್ಲೀನರ್ ಎಲ್ಲಿದ್ದಾರೆ ನೋಡಿ. ನಿಮ್ಮ ಜೀವಕ್ಕೆ ಅಪಾಯ ಇಲ್ಲದಿದ್ದರೆ ಮಾತ್ರ ದೂರಕ್ಕೆ ಸಾಗಿಸಿ.

2. ದೂರದಿಂದಲೇ 112ಕ್ಕೆ ಫೋನು ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ ಮಾಡಿ. ಜಾಗ, ಸರಕಿನ ನಂಬರು, ಸೋರುತ್ತಿದೆಯೋ ಇಲ್ಲವೋ, ಹತ್ತಿರ ಬಾವಿ, ಕೆರೆ, ಹಳ್ಳ ಏನಿದೆ ಅನ್ನುವುದನ್ನೂ ಹೇಳಿ.

3. ಬೀಡಿ, ಒಲೆ, ಬೈಕು, ಪಂಪ್‌ಸೆಟ್ಟು ಎಲ್ಲ ಬಂದ್. ಜನ ಸೇರಲು ಬಿಡಬೇಡಿ. ಊರಿನ ಹಿರಿಯರು ಈ ಕೆಲಸ ಮಾಡಬೇಕು, ಹುಡುಗರ ಮಾತು ಯಾರೂ ಕೇಳೋಲ್ಲ.

4. ಸೋರುವ ಜಾಗಕ್ಕೆ ಹೋಗಬೇಡಿ. ಎಣ್ಣೆ ಹರಿದು ಹೋಗುವ ದಾರಿಯಲ್ಲಿ, ಅದಕ್ಕಿಂತ ಬಹಳ ಮುಂದೆ, ಮೋರಿ ಬಾಯಿ, ಕಾಲುವೆ ತಲೆ, ಹಳ್ಳದ ದಾರಿಗೆ ಮಣ್ಣಿನ ಬದು ಹಾಕಿ. ನಮಗೆ ಬದು ಹಾಕುವುದು ಯಾರೂ ಕಲಿಸಬೇಕಿಲ್ಲ. ನಾಲ್ಕು ಜನ, ನಾಲ್ಕು ಸಲಿಕೆ, ಹತ್ತು ನಿಮಿಷ. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆದರೆ ಇದನ್ನೂ ಬಿಟ್ಟು ಹಿಂದೆ ಬನ್ನಿ. ಬಾವಿ ಇನ್ನೊಂದು ತೋಡಬಹುದು.

5. ಅಗ್ನಿಶಾಮಕದವರು ಬಂದ ತಕ್ಷಣ ಅವರ ಮುಖ್ಯಸ್ಥರನ್ನು ಕಂಡು, "ಸ್ವಾಮಿ, ಈ ಮೋರಿ ನೀರು ಬಾವಿಗೆ ಹೋಗುತ್ತೆ" ಅಂತ ಕೈ ತೋರಿಸಿ ಹೇಳಿ. ಅವರಿಗೆ ನಮ್ಮ ಹೊಲದ ಇಳಿಜಾರು ಹೇಗೆ ಗೊತ್ತಾಗಬೇಕು? ನಾನು ಅಂದು ಅಲ್ಲೇ ಇದ್ದೆ, ಹೇಳಲಿಲ್ಲ.

ಅವರು ರಸ್ತೆ ತೊಳೆದದ್ದು ತಪ್ಪೇ ಅಂತ ಕೆಲವರು ಕೇಳುತ್ತಾರೆ. ಬೆಂಕಿ ಹತ್ತುವ ಅಪಾಯ ಇದ್ದರೆ ಜೀವ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೋರಿಕೆ ನಿಂತ ಮೇಲೆ ರಸ್ತೆಯ ಜಾರಿಕೆ ತೆಗೆಯಲು ನೀರೇ ಬೇಕಿಲ್ಲ. ಒಣ ಮರಳು, ಸಾಮಿಲ್ಲಿನ ಮರದ ಪುಡಿ, ತೆಂಗಿನ ನಾರಿನ ಪುಡಿ ಹರಡಿದರೆ ಎಣ್ಣೆ ಹೀರುತ್ತೆ. ಅದನ್ನು ಬಾಚಿ ತುಂಬಿ ಒಯ್ಯಬಹುದು. ತೊಳೆಯಲೇಬೇಕು ಅಂದರೆ ಮೊದಲು ಮೋರಿ ಕಟ್ಟಿ, ತೊಳೆದ ನೀರು ಒಂದು ಕಡೆ ನಿಲ್ಲಿಸಿ ತೊಳೆಯಲಿ. ನೀರು ಹೊಡೆದರೆ ಎಣ್ಣೆ ಸಾಯೋಲ್ಲ, ಜಾಗ ಬದಲಾಯಿಸುತ್ತೆ ಅಷ್ಟೇ.

ಬಾವಿಯಲ್ಲಿ ನಾವು ಮಾಡಿದ ತಪ್ಪು

ಬಾವಿ ವಾಸನೆ ಬಂದ ದಿನವೇ ನನ್ನ ತಮ್ಮ ಮೋಟಾರು ಹಾಕಿ ಬಾವಿ ಬರಿದು ಮಾಡಲು ಹೊರಟ. ಡೀಸೆಲ್ ನೀರಿಗಿಂತ ಹಗುರ, ಮೇಲೆ ತೇಲುತ್ತೆ. ಮೋಟಾರು ಎಳೆಯುವುದು ತಳದ ನೀರನ್ನು. ನೀರು ಇಳಿದಂತೆ ಎಣ್ಣೆಯೂ ಇಳಿದು ಬಾವಿಯ ಗೋಡೆ, ಕಲ್ಲಿನ ಸಂದು, ಸೆಲೆಯ ಬಾಯಿಗೆಲ್ಲ ಮೆತ್ತಿತು. ಕೊನೆಗೆ ಎಣ್ಣೆಯೇ ಮೇಲೆ ಬಂದು, ಕೆಡದೆ ಉಳಿದಿದ್ದ ಹೊಲಕ್ಕೂ ಹರಿಯಿತು. ಇನ್ನು ಕೆಲವರು ಸೋಪಿನ ಪುಡಿ ಹಾಕಿ ಅಂದರು. ಅದೊಂದು ಮಾಡಲಿಲ್ಲ, ಪುಣ್ಯ. ಸೋಪು ಎಣ್ಣೆಯನ್ನು ಸಣ್ಣ ಹನಿ ಮಾಡಿ ನೀರಿನಲ್ಲಿ ಬೆರೆಸುತ್ತೆ. ಆಮೇಲೆ ತೆಗೆಯುವುದು ಇನ್ನೂ ಕಷ್ಟ.

ಮಾಡಬೇಕಾದದ್ದು ಏನೆಂದರೆ, ನೀರನ್ನು ಅಲುಗಿಸದೆ ಮೇಲಿನ ಎಣ್ಣೆ ತೆಗೆಯಬೇಕು. ನಾವು ಆಮೇಲೆ ಒಣ ಹುಲ್ಲು, ನಾರಿನ ಪುಡಿಯನ್ನು ಹಳೇ ಈರುಳ್ಳಿ ಚೀಲದಲ್ಲಿ ತುಂಬಿ ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟೆವು. ಚೀಲ ಎಣ್ಣೆ ಹೀರಿದ ಮೇಲೆ ಎಳೆದು ಬೇರೆ ಚೀಲ ಬಿಡುವುದು. ಹೀಗೆ ಒಂದು ತಿಂಗಳು. ಯಾರೂ ಬಾವಿಗೆ ಇಳಿಯಲಿಲ್ಲ. ನೀವೂ ಇಳಿಯಬೇಡಿ, ಆವಿಗೆ ತಲೆ ತಿರುಗಿ ಬಿದ್ದರೆ ಎತ್ತಲು ಇಳಿದವನೂ ಉಳಿಯೋಲ್ಲ.

ಎಣ್ಣೆ ಹೀರಿದ ಚೀಲಗಳನ್ನು ತಿಪ್ಪೆಗೆ ಹಾಕುವಂತಿಲ್ಲ, ಸುಡುವಂತಿಲ್ಲ, ಹಳ್ಳಕ್ಕೆ ಎಸೆಯುವಂತಿಲ್ಲ. ಇಂಥ ಕಸ ಒಯ್ಯಲು ಬೇರೆ ವ್ಯವಸ್ಥೆ ಇರಬೇಕು ಅಂತ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿವೆ. ಒಯ್ಯಲು ನಮ್ಮಲ್ಲಿಗೆ ಯಾರೂ ಬರಲಿಲ್ಲ. ಆ ಚೀಲಗಳು ಹೊಲದ ಮೂಲೆಯಲ್ಲಿ ಟಾರ್ಪಾಲು ಹೊದ್ದು ಇನ್ನೂ ಬಿದ್ದಿವೆ.

ಮಣ್ಣು ಹೇಗೆ ಚೇತರಿಸಿತು

ಹೊಲದಲ್ಲಿ ಸುಮಾರು 3 ಗುಂಟೆ ಕೆಟ್ಟಿತ್ತು. ಕೃಷಿ ವಿಜ್ಞಾನ ಕೇಂದ್ರದ ಒಬ್ಬರು ಬಂದು ನೋಡಿ ತಿಳಿಸಿ ಹೇಳಿದರು. ಎಣ್ಣೆ ಮೆತ್ತಿದ ಮಣ್ಣಿಗೆ ನೀರು ಹಿಡಿಯೋಲ್ಲ. ಮಳೆ ಹನಿ ಕೆಸುವಿನ ಎಲೆ ಮೇಲೆ ಉರುಳಿದ ಹಾಗೆ ಉರುಳಿ ಹೋಗುತ್ತೆ. ಮಳೆಯನ್ನೇ ನಂಬಿದ ಖುಷ್ಕಿ ಬೇಸಾಯದವನಿಗೆ ಇದಕ್ಕಿಂತ ಕೇಡು ಬೇರೆ ಇಲ್ಲ. ನಮ್ಮದು ಕೆಂಪು ಮರಳುಮಣ್ಣು, ಎಣ್ಣೆ ಬೇಗ ಕೆಳಗೆ ಇಳಿಯುತ್ತೆ. ಎರೆ ಭೂಮಿಯಾದರೆ ಅಷ್ಟು ಬೇಗ ಇಳಿಯೋಲ್ಲ, ಆದರೆ ಹಿಡಿದದ್ದನ್ನು ಬೇಗ ಬಿಡೋಲ್ಲ.

ಮಣ್ಣಿನಲ್ಲೇ ಎಣ್ಣೆ ತಿನ್ನುವ ಜೀವಾಣುಗಳಿವೆ. ಅವಕ್ಕೆ ಬೇಕಾದ್ದು ಗಾಳಿ, ಹದವಾದ ತೇವ ಮತ್ತು ಸಾರಜನಕ. ಎಣ್ಣೆ ಅಂದರೆ ಬಹುಪಾಲು ಇಂಗಾಲ. ಕಳಿಯದ ಹುಲ್ಲು ಹೊಲಕ್ಕೆ ಹಾಕಿದರೆ ಬೆಳೆ ಹಳದಿ ತಿರುಗುವುದನ್ನು ನೀವೆಲ್ಲ ನೋಡಿದ್ದೀರಿ. ಹುಲ್ಲು ಕಳಿಸುವ ಜೀವಾಣು ಮಣ್ಣಿನ ಸಾರಜನಕವನ್ನು ತಾನೇ ಎಳೆದುಕೊಳ್ಳುತ್ತೆ. ಡೀಸೆಲ್ಲಿನದೂ ಅದೇ ಕಥೆ. ಅದಕ್ಕೇ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಯೂರಿಯ ಕೊಡಬೇಕು.

ತೀರಾ ನೆನೆದಿದ್ದ ಮೇಲ್ಮಣ್ಣು ಕೆರೆದು ಟಾರ್ಪಾಲಿನ ಮೇಲೆ ಅರ್ಧ ಅಡಿ ದಪ್ಪ ಹರಡಿದೆ. ಸುತ್ತ ಬದು ಕಟ್ಟಿದೆ, ಮಳೆಗೆ ತೊಳೆದು ಹೋಗಬಾರದಲ್ಲ. ಗೊಬ್ಬರ ಬೆರೆಸಿ ಹದಿನೈದು ದಿನಕ್ಕೊಮ್ಮೆ ಮಗುಚಿ ನೀರು ಚಿಮುಕಿಸಿದೆ. ಉಳಿದ ಜಾಗಕ್ಕೂ ಗೊಬ್ಬರ ಹಾಕಿ ಉಳುಮೆ ಮಾಡುತ್ತ ಬಂದೆ. ಆದರೆ 2023 ಬರದ ವರ್ಷ. ಬಾವಿ ನೀರು ಬಳಸುವಂತಿಲ್ಲ, ಮೋಡದ ನೀರು ಬರಲಿಲ್ಲ. ತೇವ ಇಲ್ಲದೆ ಜೀವಾಣುಗಳೂ ಮಲಗಿದವು. ಆ ವರ್ಷ ಹಾಕಿದ ಸೆಣಬು ನಡುಭಾಗದಲ್ಲಿ ಹುಟ್ಟಲೇ ಇಲ್ಲ. 2024ರಲ್ಲಿ ಮಳೆ ಬಂತು, ಸೆಣಬು ಅಲ್ಲಲ್ಲಿ ಮೊಣಕಾಲುದ್ದ ಬಂತು, ಮಣ್ಣಿಗೇ ಮಗುಚಿದೆ. 2025ರ ಮುಂಗಾರಿನಲ್ಲಿ ವಾಸನೆ ಹೋಗಿತ್ತು, ಸೆಣಬು ಒಂದೇ ಸಮ ಎದ್ದಿತು. ತಿನ್ನುವ ಬೆಳೆ ಇನ್ನೂ ಹಾಕಿಲ್ಲ. ಮಣ್ಣು, ನೀರು ಪರೀಕ್ಷೆಯಲ್ಲಿ ಸರಿ ಅಂತ ಬರುವವರೆಗೆ ಹಾಕುವುದೂ ಇಲ್ಲ. ಬಾವಿ ನೀರನ್ನು ಇವತ್ತಿಗೂ ದನಕ್ಕೆ ತೋರಿಸಿಲ್ಲ. ಮೂರು ಗುಂಟೆಗೆ ಮೂರು ಮುಂಗಾರು ಹೋಯಿತು.

ಈ ಕೆಲಸಕ್ಕೆ ಅಂತಲೇ ದೆಹಲಿಯ ಟೆರಿ ಸಂಸ್ಥೆಯವರು ಆಯಿಲ್ ಜಾಪರ್ ಎಂಬ ಜೀವಾಣು ಮಿಶ್ರಣ ತಯಾರಿಸಿದ್ದಾರೆ. ರಿಫೈನರಿಗಳಲ್ಲಿ, ತೈಲಬಾವಿಗಳ ಹತ್ತಿರ ಎಣ್ಣೆ ಕೆಸರು ಶುದ್ಧ ಮಾಡಲು ಬಳಸಿದ್ದಾರೆ. ವಿದ್ಯೆ ನಮ್ಮ ದೇಶದಲ್ಲೇ ಇದೆ. ರಿಫೈನರಿಯ ಕೆಸರಿಗೆ ಸಿಗುವ ಔಷಧಿ ರೈತನ ಮೂರು ಗುಂಟೆಗೆ ಯಾಕೆ ಸಿಗಬಾರದು?

ಕಾಗದ ಪತ್ರ ಬಿಡಬೇಡಿ

ನಾನು ಕಚೇರಿಗೆ ಹೋದದ್ದು ತಡವಾಗಿ, ಕೈಯಲ್ಲಿ ಒಂದು ಚೂರು ಕಾಗದ ಇಲ್ಲದೆ. ನೀವು ಹಾಗೆ ಮಾಡಬೇಡಿ. ಅಪಘಾತ ಆದ ದಿನವೇ ಪೊಲೀಸರ ಮಹಜರಿನಲ್ಲಿ ನಿಮ್ಮ ಸರ್ವೆ ನಂಬರು, ಬಾವಿ, ಎಣ್ಣೆ ಹರಿದ ದಾರಿ ಬರೆಸಿರಿ. ಎಫ್‌ಐಆರ್ ಪ್ರತಿ ತೆಗೆದುಕೊಳ್ಳಿ. ಲಾರಿ ನಂಬರು, ವಿಮಾ ಕಂಪನಿ ಹೆಸರು ಬರೆದುಕೊಳ್ಳಿ. ಫೋಟೋ ತೆಗೆಯಿರಿ. ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಣ್ಣು, ನೀರಿನ ಮಾದರಿ ಪಂಚರ ಮುಂದೆ ತೆಗೆಸಿ.

ದಾರಿಗಳು ಇವೆ. ವಾಹನದಿಂದ ಬೇರೆಯವರ ಆಸ್ತಿಗೆ ಆದ ನಷ್ಟವನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಳಬಹುದು, ಆರು ತಿಂಗಳ ಒಳಗೆ ಹಾಕುವುದು ಕ್ಷೇಮ. 2010ರ ಕಾಯ್ದೆಯಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ, ನಮ್ಮ ಕಡೆಯವರಿಗೆ ಅದರ ಪೀಠ ಚೆನ್ನೈನಲ್ಲಿ. ನಷ್ಟ ಪರಿಹಾರವಷ್ಟೇ ಅಲ್ಲ, ಕೆಟ್ಟ ಪರಿಸರವನ್ನು ಮೊದಲಿನಂತೆ ಮಾಡಿಕೊಡಿ ಅಂತ ಆದೇಶ ಮಾಡುವ ಅಧಿಕಾರ ಅದಕ್ಕಿದೆ. ಅರ್ಜಿಗೆ 5 ವರ್ಷದ ಅವಧಿ.

ಭೋಪಾಲ್ ದುರಂತದ ನಂತರ 1991ರಲ್ಲಿ ಬಂದ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯೂ ಇದೆ. ಅದರಲ್ಲಿ ತಪ್ಪು ಯಾರದು ಅಂತ ಸಾಬೀತು ಮಾಡಬೇಕಿಲ್ಲ, ಅರ್ಜಿ ಜಿಲ್ಲಾಧಿಕಾರಿಗೆ. ಆದರೆ ಅಪಾಯಕಾರಿ ವಸ್ತುವಿನ ಪ್ರಮಾಣದ ಮೇಲೆ ಅದು ಅನ್ವಯ ಆಗುತ್ತೆ, ನಿಮ್ಮ ಪ್ರಕರಣಕ್ಕೆ ಕೂಡುತ್ತೋ ಅಂತ ವಕೀಲರನ್ನು ಕೇಳಿ. ಆ ಕಾಯ್ದೆ ಬಂದಾಗ ಖಾಸಗಿ ಆಸ್ತಿ ನಷ್ಟಕ್ಕೆ ಇಟ್ಟಿದ್ದದ್ದು ಹೆಚ್ಚೆಂದರೆ 6000 ರೂಪಾಯಿ. ನಾನು ಗೊಬ್ಬರ, ಟಾರ್ಪಾಲು, ಕೂಲಿಗೆ ಹಾಕಿದ್ದೇ ಅದಕ್ಕಿಂತ ಹೆಚ್ಚು. ಹೊಲದ ಬೆಲೆ ಕಾನೂನು ಬರೆದವರಿಗೆ ಎಷ್ಟು ಗೊತ್ತಿತ್ತು ಅನ್ನುವುದು ಇದರಲ್ಲೇ ತಿಳಿಯುತ್ತೆ.

ಏನಾಗಬೇಕು?

ನನ್ನ ಬೇಡಿಕೆ ದೊಡ್ಡದಲ್ಲ. ಕಂದಾಯದವರ ನಮೂನೆಯಲ್ಲಿ ಬೆಳೆ ಹಾನಿ ಜತೆಗೆ ಮಣ್ಣು ಹಾನಿ, ನೀರಿನ ಹಾನಿ ಅಂತ ಎರಡು ಕಲಂ ಸೇರಲಿ. ಪ್ರತಿ ಟೋಲ್ ಗೇಟಿನಲ್ಲಿ ಮರಳು ಚೀಲ, ನಾರಿನ ಪುಡಿ, ಟಾರ್ಪಾಲು, ಖಾಲಿ ಡ್ರಮ್ಮು ಇಟ್ಟಿರಲಿ. ಕ್ರೇನ್ ಇಡುವವರಿಗೆ ಇದೇನು ಭಾರವಲ್ಲ. ಹೆದ್ದಾರಿ ಪಕ್ಕದ ಪ್ರತಿ ಪಂಚಾಯಿತಿ ತನ್ನ ಗಡಿಯ ಮೋರಿಗಳು, ಆ ಮೋರಿ ನೀರು ಹೋಗುವ ಬಾವಿ, ಕೆರೆಗಳ ಪಟ್ಟಿ ಮಾಡಿ ಅಗ್ನಿಶಾಮಕ ಠಾಣೆಗೆ ಕೊಡಲಿ. ಟ್ಯಾಂಕರ್ ಎತ್ತುವ ಖರ್ಚು ಕೊಡುವವರೇ ಮಣ್ಣು, ಬಾವಿ ಶುದ್ಧ ಮಾಡುವ ಖರ್ಚೂ ಕೊಡಲಿ, ಎಣ್ಣೆ ಹೀರಿದ ಕಸವನ್ನೂ ಒಯ್ಯಲಿ.

ಇದನ್ನೆಲ್ಲ ಕೇಳುವ ಮುಖ ನಮಗೂ ಇರಬೇಕು. ಕೊಡ ಹಿಡಿದು ನಿಂತವನ ಮಾತಿಗೆ ಬೆಲೆ ಇರುವುದಿಲ್ಲ, ಅದು ನನಗೆ ಆದ ಅನುಭವ. ಹೆದ್ದಾರಿ ನೀರನ್ನು ಬಾವಿಗೆ ತಿರುಗಿಸಿಕೊಂಡವರು ಕಾಲುವೆ ತಲೆಗೆ ಒಂದು ಹಲಗೆ ಬಾಗಿಲು ಇಡಿ, ಬೇಕಾದಾಗ ಮುಚ್ಚಲು ಬರುವಂತೆ. ನಾನು ಈಗ ಇಟ್ಟಿದ್ದೇನೆ. ಪಕ್ಕದಲ್ಲೇ ಒಂದು ಸಲಿಕೆಯನ್ನೂ ಇಟ್ಟಿದ್ದೇನೆ.

ಆ ಎರಡು ಕ್ಯಾನು ಡೀಸೆಲ್ ಏನು ಮಾಡಿದಿರಿ ಅಂತ ಕೇಳಬಹುದು. ಹೊಲದ ಮಣ್ಣು ಮಗುಚಲು ತಂದ ಟ್ರ್ಯಾಕ್ಟರಿಗೇ ಹಾಕಿದೆ. ಅರ್ಧ ದಿನಕ್ಕೆ ಮುಗಿಯಿತು. ಮಣ್ಣಿನ ಕೆಲಸ ಇನ್ನೂ ಮುಗಿದಿಲ್ಲ.

ನಿಮ್ಮ ಕಡೆ ಇಂಥ ಘಟನೆ ಆಗಿ, ಮಣ್ಣು ಅಥವಾ ಬಾವಿಯನ್ನು ಬೇಗ ಸರಿಪಡಿಸಿದವರು ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ನನ್ನ ಬಾವಿ ಕಾಯುತ್ತಿದೆ.